ಗಾಯದ ವಿದ್ಯೆ

ನಮ್ಮ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಓದಿನ ಲೆಕ್ಕವನ್ನು ಪದವಿಗಳಿಂದ ಹಾಕುವ ರೂಢಿಯಿಲ್ಲ. ಸಂಬಳ ಯಾವಾಗಿನಿಂದ ಬಂದೀತೆಂಬುದರಿಂದ ಹಾಕುವರು. ಈ ಲೆಕ್ಕಕ್ಕೆ ಸಿಕ್ಕದ ಓದೊಂದನ್ನು ನಮ್ಮೂರಾದ ಕುಪ್ಪೇಲೂರಿನ ಹುಡುಗನೊಬ್ಬ ಈಗ ಓದುತ್ತಿದ್ದಾನೆ. ಹುಡುಗನೆಂದು ನಾನು ಹೇಳುವುದು ಹಳೆಯ ಸಲುಗೆಯಿಂದ. ಪದವಿಪೂರ್ವ ತರಗತಿಯಲ್ಲಿ ನನ್ನಿಂದ ಕನ್ನಡ ಪಾಠ ಹೇಳಿಸಿಕೊಂಡ ಅವನಿಗೆ ಈಗ ಮೂವತ್ತು ದಾಟಿದೆ. ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ, ಶಸ್ತ್ರವೈದ್ಯದ ಎಂ.ಎಸ್.ಗೆ ಮೂರು ವರ್ಷ. ಅಲ್ಲಿಗೆ ಮುಗಿಯಿತೆಂದು ಮನೆಯವರು ತಿಳಿದಿರಲಾಗಿ ಅವನು ದೊಡ್ಡ ನಗರವೊಂದಕ್ಕೆ ಹೋಗಿ ಇನ್ನೆರಡು ವರ್ಷದ ಫೆಲೋಷಿಪ್ ತರಬೇತಿಗೆ ಸೇರಿಕೊಂಡನು. ಅವನ ತಂದೆ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. “ಮಾಸ್ತರ, ಮಂದಿ ಗಾಯಾ ಹೊಲಿಯೂದಕ ಇಷ್ಟು ವರ್ಷ ಓದಬೇಕೇನ್ರಿ? ನಮ್ಮೂರ ಟೇಲರ್ ಆರ ತಿಂಗಳದಾಗ ಹೊಲಿಗಿ ಕಲತಾನ್ರಿ” ಎಂದರು. ವಿನೋದಕ್ಕೆ ಆಡಿದ ಮಾತಾದರೂ ಅದರ ಅಡಿಯಲ್ಲಿ ಸಾಲದ ಚಿಂತೆಯಿತ್ತು. ಕಬ್ಬಿಗರ ಸಹವಾಸದಲ್ಲಿ ಕಾಲ ಕಳೆದ ನನಗೆ ಶಸ್ತ್ರವೈದ್ಯದ ಗಂಧವಿಲ್ಲ. ಆದರೂ ಆ ಪ್ರಶ್ನೆ ಮನಸ್ಸಿನಲ್ಲಿ ನಿಂತಿತು. ರಜೆಗೆ ಬಂದಾಗಲೆಲ್ಲ ಹುಡುಗನನ್ನು ಕೂಡಿಸಿಕೊಂಡು ಕೇಳಿದೆ. ಕೈಗೆ ಸಿಕ್ಕ ಪುಸ್ತಕಗಳನ್ನು ಓದಿದೆ. ಹಾಗೆ ತಿಳಿದುಬಂದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲನೆಯ ತೊಡಕು ಹೆಸರಿನದು. ಅವನು ಕಲಿಯುತ್ತಿರುವ ವಿದ್ಯೆಗೆ ಇಂಗ್ಲಿಷಿನಲ್ಲಿ ‘ಟ್ರಾಮಾ ಸರ್ಜರಿ’ ಎಂದೂ ‘ಸರ್ಜಿಕಲ್ ಕ್ರಿಟಿಕಲ್ ಕೇರ್’ ಎಂದೂ ಜೋಡಿ ಹೆಸರು. ಟ್ರಾಮಾ ಎಂಬುದು ಗ್ರೀಕರ ಮಾತು. ಗಾಯವೆಂದೇ ಅದರ ಅರ್ಥ. ನಾವು ಅದನ್ನು ‘ಆಘಾತ’ ಎಂದು ಅನುವಾದಿಸಿ ಕೆಡಿಸಿದ್ದೇವೆ. ಮಗ ಪರೀಕ್ಷೆಯಲ್ಲಿ ನಪಾಸಾದರೂ ನಮಗೆ ಆಘಾತವೇ. ‘ಗಾಯ’ವೆಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಸುಶ್ರುತನು ಇದಕ್ಕೆ ಇನ್ನೂ ಒಳ್ಳೆಯ ಮಾತೊಂದನ್ನು ಬಳಸಿದ್ದಾನೆ: ‘ಸದ್ಯೋವ್ರಣ’, ಎಂದರೆ ಆಗತಾನೆ ಆದ ಗಾಯ. ದೋಷಗಳು ಕೆರಳಿ ಒಳಗಿನಿಂದ ಎದ್ದ ಹುಣ್ಣು ಬೇರೆ, ಹೊರಗಿನ ಪೆಟ್ಟಿನಿಂದ ಆದ ಗಾಯ ಬೇರೆ ಎಂದು ಬಗೆದು, ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯವನ್ನು ಅವನು ಇದಕ್ಕೇ ಮೀಸಲಿಟ್ಟನು. ಆ ‘ಸದ್ಯಃ’ ಎಂಬ ಮಾತಿನಲ್ಲಿ ಹೊತ್ತಿನ ಅರಿವಿದೆ. ಈ ವಿದ್ಯೆಯ ತಿರುಳೆಲ್ಲ ಹೊತ್ತಿನಲ್ಲಿಯೇ ಇದೆಯೆಂಬುದು ಮುಂದೆ ತಿಳಿಯುತ್ತದೆ.

ಸುಶ್ರುತನ ಮಾತು ಬಂದುದರಿಂದ ತರಬೇತಿಯ ವಿಚಾರವನ್ನೂ ಇಲ್ಲಿಯೇ ಹೇಳಿಬಿಡಬಹುದು. ಅವನ ಸೂತ್ರಸ್ಥಾನದಲ್ಲಿ ‘ಯೋಗ್ಯಾಸೂತ್ರೀಯ’ವೆಂಬ ಅಧ್ಯಾಯವೊಂದುಂಟು. ಶಾಸ್ತ್ರವನ್ನೆಲ್ಲ ಓದಿದ್ದರೂ ಕೈಪಳಗದವನು ಕೆಲಸಕ್ಕೆ ಬಾರನೆಂದು ಹೇಳಿ, ಶಿಷ್ಯನ ಕೈ ಪಳಗಿಸುವ ಬಗೆಯನ್ನು ಅದರಲ್ಲಿ ವಿವರಿಸಿದೆ. ಕುಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ ಕಲಿಯಬೇಕು; ಸೀಳುವುದನ್ನು ನೀರು ಕೆಸರು ತುಂಬಿದ ತೊಗಲಿನ ಚೀಲದ ಮೇಲೆ; ಚುಚ್ಚುವುದನ್ನು ಸತ್ತ ಪ್ರಾಣಿಯ ನರದ ಮೇಲೆ, ತಾವರೆಯ ದಂಟಿನ ಮೇಲೆ; ಹೊಲಿಯುವುದನ್ನು ಬಟ್ಟೆಯ ಅಂಚಿನ ಮೇಲೆ ಮತ್ತು ಮೆತ್ತನೆಯ ಚರ್ಮದ ಮೇಲೆ; ಪಟ್ಟಿ ಕಟ್ಟುವುದನ್ನು ‘ಪುಸ್ತಮಯ ಪುರುಷ’ನ ಮೇಲೆ. ಪುಸ್ತಮಯ ಪುರುಷನೆಂದರೆ ಆಳಿನಾಕಾರದ ಬೊಂಬೆ. ಇದನ್ನು ನಾನು ಓದಿ ಹೇಳಿದಾಗ ನಮ್ಮ ಹುಡುಗ ನಕ್ಕುಬಿಟ್ಟ. ಅವನ ತರಬೇತಿಯ ಮನೆಯಲ್ಲಿಯೂ ಅಂಥ ಬೊಂಬೆಯೊಂದು ಮಲಗಿದೆಯಂತೆ. ರಬ್ಬರಿನದು, ಉಸಿರಾಡುವಂಥದು, ನಾಡಿ ಮಿಡಿಯುವಂಥದು. ಗುರುಗಳು ಯಂತ್ರದ ಗುಂಡಿಯೊತ್ತಿದರೆ ಅದರ ರಕ್ತದ ಒತ್ತಡ ಕುಸಿಯುತ್ತದೆ. ಶಿಷ್ಯರು ಓಡಾಡಿ ಅದನ್ನು ಉಳಿಸಬೇಕು.

ಹೊಲಿಗೆಯ ವಿಚಾರದಲ್ಲಿ ಹುಡುಗನ ತಂದೆಯ ಮಾತು ಅಷ್ಟರಮಟ್ಟಿಗೆ ನಿಜವೇ. ಸುಶ್ರುತನ ಶಿಷ್ಯನೂ ಬಟ್ಟೆಯ ಮೇಲೆ ಕಲಿತನು. ಬಟ್ಟೆಯ ಹೊಲಿಗೆಗೆ ಆರು ತಿಂಗಳು ಸಾಕು. ಹಾಗಾದರೆ ಉಳಿದ ವರ್ಷಗಳೆಲ್ಲ ಏತಕ್ಕೆ?

ಇದಕ್ಕೆ ಉತ್ತರವನ್ನು ಹುಡುಗ ಒಂದು ಕಥೆಯಿಂದ ಆರಂಭಿಸಿದ. ೧೯೭೬ರ ಫೆಬ್ರುವರಿಯಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆಯ ಶಸ್ತ್ರವೈದ್ಯನು ಹೆಂಡತಿ ಮತ್ತು ನಾಲ್ವರು ಮಕ್ಕಳೊಂದಿಗೆ ತನ್ನ ಸಣ್ಣ ವಿಮಾನವನ್ನು ತಾನೇ ನಡೆಸಿಕೊಂಡು ಬರುತ್ತಿದ್ದಾಗ ಅದು ರಾತ್ರಿಯಲ್ಲಿ ಹೊಲಕ್ಕೆ ಬಿದ್ದಿತು. ಹೆಂಡತಿ ಅಲ್ಲಿಯೇ ತೀರಿಕೊಂಡಳು. ಮಕ್ಕಳಲ್ಲಿ ಮೂವರಿಗೆ ಪ್ರಾಣಾಂತಕ ಗಾಯಗಳು. ತಾನೂ ಗಾಯಗೊಂಡಿದ್ದ ಆತನು ಚಳಿಯಲ್ಲಿ ಮಕ್ಕಳನ್ನು ಕಾಪಾಡಿಕೊಂಡು, ಕೊನೆಗೆ ರಸ್ತೆಯಲ್ಲಿ ಬಂದ ಕಾರೊಂದನ್ನು ತಡೆದು, ಹತ್ತಿರದ ಸಣ್ಣ ಊರಿನ ಆಸ್ಪತ್ರೆಗೆ ಹೋದನು. ಆ ಊರಿನ ವೈದ್ಯರು ಕೆಟ್ಟವರಲ್ಲ, ಅರಿಯದವರೂ ಅಲ್ಲ. ಏಕಕಾಲಕ್ಕೆ ಹತ್ತು ಕಡೆ ಗಾಯವಾದವನಿಗೆ ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು ಎಂಬ ಕ್ರಮ ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಆ ಕಾಲದಲ್ಲಿ ಅದು ಎಲ್ಲಿಯೂ ಒಂದು ಪಾಠವಾಗಿರಲಿಲ್ಲ. ಸ್ಟೈನರನು ಇತರರೊಡನೆ ಕೂಡಿ ಆ ಪಾಠವನ್ನು ಸಿದ್ಧಮಾಡಿದನು. ೧೯೭೮ರಲ್ಲಿ ಅದೇ ನೆಬ್ರಾಸ್ಕದ ಆಬರ್ನ್ ಎಂಬ ಚಿಕ್ಕ ಊರಿನಲ್ಲಿ ಮೊದಲನೆಯ ತರಗತಿ ನಡೆಯಿತು. ೧೯೮೦ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಅದನ್ನು ಅಂಗೀಕರಿಸಿತು. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತದ ಓಟ, ಆಮೇಲೆ ಮಿದುಳು, ಕೊನೆಗೆ ಮೈಯೆಲ್ಲ ಬಿಚ್ಚಿ ನೋಡುವುದು: ಜಗತ್ತಿನ ಬಹುತೇಕ ದೇಶಗಳಲ್ಲಿ ಗಾಯದ ವೈದ್ಯರು ದಶಕಗಳ ಕಾಲ ಒಪ್ಪಿಕೊಂಡು ಬಂದ ಕ್ರಮ ಇದು. ನೋಡುವವರಿಗೆ ಭಯ ಹುಟ್ಟಿಸುವ ಮುರಿದ ಕಾಲಿನ ಕಡೆಗೆ ಕಣ್ಣು ಹೋಗುವುದು ಸಹಜ. ಕೊಲ್ಲುತ್ತಿರುವುದು ಸದ್ದಿಲ್ಲದೆ ಕಟ್ಟಿಹೋಗುತ್ತಿರುವ ಗಂಟಲು. ಮೆಕ್ಕೆಜೋಳದ ನಾಡೊಂದರ ಸಣ್ಣ ಊರಿನಲ್ಲಿ ಈ ಪಾಠ ಹುಟ್ಟಿತೆಂಬುದು, ಮೆಕ್ಕೆಜೋಳ ಬೆಳೆಯುವ ನಮ್ಮ ತಾಲ್ಲೂಕಿನವನಾದ ನನ್ನ ಮನಸ್ಸಿಗೆ ಹಿಡಿಸಿತು.

ಆದರೆ ಈ ಕ್ರಮವನ್ನು ಕೆಲವೇ ದಿನಗಳ ತರಗತಿಯಲ್ಲಿ ಕಲಿಸುತ್ತಾರೆ. ವರ್ಷಗಟ್ಟಲೆ ಕಲಿಯಬೇಕಾದುದು ಬೇರೆಯದು. ಅದನ್ನು ಕೇಳಿದಾಗ ನನಗೆ ನಿಜವಾಗಿಯೂ ಆಶ್ಚರ್ಯವಾಯಿತು: ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವುದನ್ನು ಅವರು ಕಲಿಯುತ್ತಾರೆ.

ಶಸ್ತ್ರವೈದ್ಯನಿಗೆ ಎಂ.ಎಸ್. ತರಗತಿಯಲ್ಲಿ ಕಲಿಸುವುದು ಕೆಲಸವನ್ನು ಪೂರೈಸುವುದನ್ನು. ಕರುಳು ಹರಿದಿದ್ದರೆ ಕೂಡಿಸಬೇಕು, ಹೊಟ್ಟೆಯನ್ನು ಪದರ ಪದರವಾಗಿ ಮುಚ್ಚಬೇಕು, ಅಚ್ಚುಕಟ್ಟಾಗಿ ಹೊರಬರಬೇಕು. ಆದರೆ ಬಹಳ ರಕ್ತ ಕಳೆದುಕೊಂಡವನ ಮೈಯೊಳಗೆ ಮೂರು ಕೇಡುಗಳು ಒಂದರ ಕೈ ಒಂದು ಹಿಡಿದು ಬರುತ್ತವೆ. ಮೈ ತಣ್ಣಗಾಗುತ್ತದೆ, ರಕ್ತ ಹುಳಿಯೇರುತ್ತದೆ, ಹೆಪ್ಪುಗಟ್ಟುವ ಗುಣ ಅದಕ್ಕೆ ತಪ್ಪುತ್ತದೆ. ಹೆಪ್ಪುಗಟ್ಟದ ರಕ್ತ ಮತ್ತಷ್ಟು ಹರಿಯುತ್ತದೆ, ಮೈ ಮತ್ತಷ್ಟು ತಣ್ಣಗಾಗುತ್ತದೆ. ಇಂಥವನ ಹೊಟ್ಟೆಯನ್ನು ನಾಲ್ಕು ತಾಸು ತೆರೆದಿಟ್ಟುಕೊಂಡು ಸೊಗಸಾದ ಹೊಲಿಗೆ ಹಾಕಿದರೆ ಹೊಲಿಗೆ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ. ಆದ್ದರಿಂದ ಒಂದು ತಾಸಿನೊಳಗೆ ರಕ್ತ ಸೋರುವುದನ್ನು ನಿಲ್ಲಿಸಿ, ಕರುಳಿನ ಹೊಲಸು ಹರಡದಂತೆ ತುದಿಗಳನ್ನು ಕಟ್ಟಿ, ಯಕೃತ್ತಿನ ಸುತ್ತ ಬಟ್ಟೆಯ ಪಟ್ಟಿಗಳನ್ನು ಒತ್ತಾಗಿ ತುಂಬಿ, ಹೊಟ್ಟೆಯನ್ನು ಹೊಲಿಯದೆಯೇ ಹೊರಬರುವುದು. ಆಮೇಲೆ ತೀವ್ರ ನಿಗಾ ಘಟಕದಲ್ಲಿ ಮೈ ಬೆಚ್ಚಗೆ ಮಾಡಿ, ರಕ್ತ ಕೊಟ್ಟು, ಹುಳಿಯನ್ನು ಇಳಿಸಿ, ಒಂದೆರಡು ದಿನ ಕಳೆದ ಮೇಲೆ ಮತ್ತೆ ಒಳಗೆ ಹೋಗಿ ಉಳಿದ ಕೆಲಸವನ್ನು ಮುಗಿಸುವುದು. ಇದಕ್ಕೆ ನೌಕಾಪಡೆಯ ಮಾತೊಂದನ್ನು ಹೆಸರಾಗಿ ಕೊಟ್ಟಿದ್ದಾರೆ: ‘ಡ್ಯಾಮೇಜ್ ಕಂಟ್ರೋಲ್’. ತೂತಾದ ಹಡಗನ್ನು ನಡುಗಡಲಿನಲ್ಲಿ ರಿಪೇರಿ ಮಾಡುತ್ತ ಕೂರಬಾರದು. ತೂತನ್ನು ತುರುಕಿ ಮುಚ್ಚಿ ಬಂದರಿಗೆ ಮುಟ್ಟಿಸಬೇಕು. ೧೯೯೩ರಲ್ಲಿ ಫಿಲಡೆಲ್ಫಿಯದ ವೈದ್ಯರು ಈ ಹೆಸರಿನಲ್ಲಿ ಬರೆದ ಲೇಖನದ ನಂತರ ಈ ಪದ್ಧತಿ ಎಲ್ಲ ಕಡೆ ಹಬ್ಬಿತು.

ತೆರೆದಿಟ್ಟ ಹೊಟ್ಟೆಯನ್ನು ಏತರಿಂದ ಮುಚ್ಚುತ್ತಾರೆಂದು ಕೇಳಿದೆ. ಅದರದೂ ಒಂದು ಬಡವರ ಕಥೆಯೇ. ೧೯೮೪ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಓಸ್ವಾಲ್ಡೊ ಬೊರ್ರಾಯೆಸ್ ಎಂಬ ಎಳೆಯ ವೈದ್ಯನು, ಮುಚ್ಚಲಾರದಷ್ಟು ಉಬ್ಬಿದ ಹೊಟ್ಟೆಯ ಮೇಲೆ ಸಲಾಯಿನ್ ತುಂಬುವ ಪ್ಲಾಸ್ಟಿಕ್ ಚೀಲವನ್ನು ಕತ್ತರಿಸಿ ಹೊದಿಸಿ ಅಂಚಿಗೆ ಹೊಲಿದನು. ಒಳಗೆ ಏನಾಗುತ್ತಿದೆಯೆಂದು ಅದರ ಮೂಲಕ ಕಾಣುತ್ತದೆ. ಇಂದು ಸಿರಿವಂತ ದೇಶಗಳ ಪುಸ್ತಕಗಳಲ್ಲಿಯೂ ಅದನ್ನು ಬೊಗೊಟಾ ಚೀಲವೆಂದೇ ಕರೆಯುತ್ತಾರೆ.

ಈಗ ಜೋಡಿ ಹೆಸರಿನ ಗುಟ್ಟು ತಿಳಿಯುತ್ತದೆ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವನು ರೋಗಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಮನೆಗೆ ಹೋಗಿ ಮಲಗುವಂತಿಲ್ಲ. ಯಾವಾಗ ಮರಳಿ ಒಳಗೆ ಹೋಗಬೇಕೆಂಬುದನ್ನು ಕತ್ತರಿಸಿದವನೇ ಕಾದು ನೋಡಿ ಹೇಳಬೇಕು. ಕತ್ತಿಯ ಕೆಲಸ, ಕಾವಲಿನ ಕೆಲಸ ಎರಡೂ ಒಬ್ಬನವೇ. ಅಮೆರಿಕದಲ್ಲಿ ಶಸ್ತ್ರವೈದ್ಯರಿಗಾಗಿ ಈ ನಿಗಾದ ವಿದ್ಯೆಯನ್ನು ಪ್ರತ್ಯೇಕ ಅರ್ಹತೆಯಾಗಿ ೧೯೮೦ರ ದಶಕದಲ್ಲಿಯೇ ಗುರುತಿಸಿದರು. ನಮ್ಮಲ್ಲಿ ನಿಗಾ ಘಟಕಗಳು ಬಹುತೇಕ ಅರಿವಳಿಕೆಯ ವೈದ್ಯರ ವಶದಲ್ಲಿ ಬೆಳೆದುಬಂದವು. ಅದರಲ್ಲಿ ತಪ್ಪೇನಿಲ್ಲ, ಶಸ್ತ್ರವೈದ್ಯರು ಮಾತ್ರ ಬಾಗಿಲಲ್ಲಿ ನಿಂತು ಇಣುಕಿ ಹೋಗುವ ನೆಂಟರಾದರು. ಈಗ ದೆಹಲಿಯ ಏಮ್ಸ್ ಸಂಸ್ಥೆಯ ಜಯಪ್ರಕಾಶ ನಾರಾಯಣ ಟ್ರಾಮಾ ಕೇಂದ್ರದಲ್ಲಿ ಎರಡನ್ನೂ ಕೂಡಿಸಿ ಕಲಿಸುವ ಮೂರು ವರ್ಷದ ಎಂ.ಸಿಎಚ್. ತರಗತಿಯಿದೆ. ರಾಷ್ಟ್ರೀಯ ಪರೀಕ್ಷಾ ಮಂಡಲಿಯ ಫೆಲೋಷಿಪ್ ಎರಡು ವರ್ಷದ್ದು. ಕಲಿಸುವ ಸ್ಥಳಗಳು ಕೆಲವೇ, ಕಲಿತು ಹೊರಬರುವವರು ಬೆರಳೆಣಿಕೆಯವರು.

ಹುಡುಗನ ರಾತ್ರಿಗಳ ವರ್ಣನೆಯನ್ನು ಕೇಳಿದರೆ ಹೊಲದ ಮಾಳಿಗೆಯ ಮೇಲೆ ಹಕ್ಕಿ ಹಂದಿ ಕಾಯುವವನ ನೆನಪಾಗುತ್ತದೆ. ಪ್ರತಿ ತಾಸಿಗೂ ಮೂತ್ರ ಎಷ್ಟು ಬಂದಿತೆಂದು ಅಳೆಯುವುದು. ಮೂತ್ರಪಿಂಡಕ್ಕೆ ರಕ್ತ ಮುಟ್ಟುತ್ತಿದೆಯೇ ಎಂಬುದನ್ನು ಅಷ್ಟು ಅಗ್ಗವಾಗಿ ಹೇಳುವ ಉಪಕರಣ ಬೇರೊಂದಿಲ್ಲವಂತೆ. ಉಸಿರಾಟದ ಯಂತ್ರ ಪುಪ್ಪುಸವನ್ನು ಅತಿಯಾಗಿ ಹಿಗ್ಗಿಸದಂತೆ ನೋಡುವುದು. ಹೊಟ್ಟೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವುದು. ಮುಟ್ಟುವ ಕೈ ಪ್ರತಿಸಲವೂ ಒಬ್ಬರದೇ ಆಗಿರಬೇಕೆಂದು ಅವನ ಗುರುಗಳ ಕಟ್ಟಪ್ಪಣೆ. ಕೈ ಬದಲಾದರೆ ಮೊದಲಿಗಿಂತ ಗಟ್ಟಿಯಾಯಿತೋ ಮೆತ್ತಗಾಯಿತೋ ತಿಳಿಯುವುದಿಲ್ಲ. ಗುಲ್ಮ ಒಡೆದವರೆಲ್ಲರ ಹೊಟ್ಟೆಯನ್ನೂ ತೆರೆಯುವ ಕಾಲವೊಂದಿತ್ತು. ಆಮೇಲೆ ಮಕ್ಕಳ ವೈದ್ಯರು ತೆರೆಯದೆಯೇ ಕಾದು ನೋಡಿ ಬಹಳ ಮಕ್ಕಳನ್ನು ಗುಣಪಡಿಸಿ ತೋರಿಸಿದರು. ಅವರಿಂದ ದೊಡ್ಡವರ ವೈದ್ಯರು ಕಲಿತರು. ಈಗ ರಕ್ತದ ಒತ್ತಡ ನಿಂತವರಲ್ಲಿ ಕಾಯುವುದೇ ಮೊದಲನೆಯ ಚಿಕಿತ್ಸೆ. “ಕೈಯಾಗ ಕತ್ತಿ ಇದ್ದಾಗ ಸುಮ್ಮನ ಕುಂಡ್ರೂದು ಭಾಳ ಕಠಿಣ ಐತ್ರಿ ಸರ್” ಎಂದು ಅವನು ಹೇಳಿದ ಮಾತು ನನಗೆ ಯಾವ ವ್ಯಾಖ್ಯಾನಕ್ಕಿಂತಲೂ ಚೆನ್ನಾಗಿ ಅರ್ಥವಾಯಿತು.

ಒಂದು ಉಪಕಥೆ. ತರಗತಿಯಲ್ಲಿ ನಾನು ರನ್ನನ ಗದಾಯುದ್ಧದ ಪ್ರಸಂಗವನ್ನು ಹೇಳಿದ್ದು ಅವನಿಗೆ ಇನ್ನೂ ನೆನಪಿದೆ. ಒಂದು ರಾತ್ರಿ ಫೋನು ಮಾಡಿದ. ತೊಡೆಯ ಎಲುಬೊಂದು ಮುರಿದರೆ ಒಂದರಿಂದ ಒಂದೂವರೆ ಲೀಟರು ರಕ್ತ ಆ ತೊಡೆಯೊಳಗೇ ಸೋರಿ ಅಡಗಬಲ್ಲದು. ಮೈಯಲ್ಲಿರುವುದು ಹೆಚ್ಚು ಕಡಿಮೆ ಐದೇ ಲೀಟರು. ಎರಡೂ ತೊಡೆ ಮುರಿದ ದುರ್ಯೋಧನನು ಅಶ್ವತ್ಥಾಮನು ಬರುವ ತನಕ, ಇಡೀ ರಾತ್ರಿ, ಮಾತನಾಡುತ್ತ ಹೇಗೆ ಬದುಕಿದ್ದನೆಂದು ಅವನ ಪ್ರಶ್ನೆ. ವ್ಯಾಸರನ್ನೇ ಕೇಳೆಂದೆ. ಛಲದ ಬಲದಿಂದ ರಕ್ತ ನಿಲ್ಲುವುದಿಲ್ಲವೆಂದು ಅವನು ಒಪ್ಪಲಿಲ್ಲ.

ಇಷ್ಟು ಓದಿದ ವಾಚಕರು, ಇವೆಲ್ಲ ದೆಹಲಿ ಫಿಲಡೆಲ್ಫಿಯಗಳ ಮಾತಾಯಿತು, ಕುಪ್ಪೇಲೂರಿಗೂ ಇದಕ್ಕೂ ಏನು ನಂಟೆಂದು ಕೇಳಬಹುದು. ನಂಟು ನಮ್ಮ ತಾಲ್ಲೂಕಿನ ಮಗ್ಗುಲಲ್ಲಿಯೇ ಹರಿದಿದೆ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರುಗಳನ್ನು ದಾಟಿ ಸಾಗುತ್ತದೆ. ೨೦೨೪ರ ಜೂನ್ ೨೮ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ ನಿಂತಿದ್ದ ಲಾರಿಗೆ ಯಾತ್ರಿಕರ ವಾಹನವೊಂದು ಗುದ್ದಿ ೧೩ ಜನ ಸತ್ತರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು. ೨೦೨೨ರೊಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ೪,೬೧,೩೧೨ ಅಪಘಾತಗಳಾಗಿ ೧,೬೮,೪೯೧ ಜನ ಸತ್ತರೆಂದು ಕೇಂದ್ರ ಸರಕಾರದ ವರದಿಯಲ್ಲಿದೆ. ಇದರ ಮೇಲೆ ನಮ್ಮ ಹೊಲಮನೆಗಳ ಗಾಯಗಳು ಬೇರೆ: ಉರುಳಿದ ಟ್ರ್ಯಾಕ್ಟರು, ತೋಳನ್ನು ಎಳೆದುಕೊಂಡ ಒಕ್ಕಣೆಯ ಯಂತ್ರ. ಇವೆಲ್ಲಕ್ಕೂ ಮಿಗಿಲಾಗಿ ನಮ್ಮ ಸೀಮೆಗೆ ಮಾತ್ರ ಮೀಸಲಾದ ಗಾಯವೊಂದಿದೆ. ಅದು ಕೊಬ್ಬರಿ ಹೋರಿಯದು.

ದೀಪಾವಳಿಯ ಪಾಡ್ಯದಿಂದ ಮೊದಲಾಗಿ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಶಿಕಾರಿಪುರಗಳ ಸುತ್ತಿನ ಊರೂರುಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿಯ ಮಾಲೆ ತೊಟ್ಟು ಅಖಾಡದಲ್ಲಿ ನುಗ್ಗುವ ಹೋರಿಯ ಕೊರಳಿಗೆ ಕೈಹಾಕುವ ಹುಡುಗರ ಹುಮ್ಮಸ್ಸನ್ನು ನಾನು ಹೀಗಳೆಯಲಾರೆ; ಎಳವೆಯಲ್ಲಿ ಕಟ್ಟೆಯ ಮೇಲೆ ನಿಂತು ಕೂಗಿದವನು ನಾನು. ಕೆಲವು ವರ್ಷಗಳ ಹಿಂದೆ ಹೀಗೊಂದು ಹಬ್ಬದಲ್ಲಿ ಸಮೀಪದ ಹಳ್ಳಿಯ ತರುಣನೊಬ್ಬನಿಗೆ ಕೊಂಬು ತಾಕಿತು. ಪಕ್ಕೆಯ ಕೆಳಗೆ ನಾಲ್ಕಾಣೆಯ ಬಿಲ್ಲೆಯಷ್ಟು ಗಾಯ. ಎದ್ದು ನಡೆದು ಬಂದ, ಚಹಾ ಕುಡಿದ. ಅರಿಶಿನ ಒತ್ತಿದರು. ಸಂಜೆಗೆ ಮೈ ಬಿಳುಚಿಕೊಂಡಾಗ ಒಂದು ದವಾಖಾನೆಗೆ ಒಯ್ದರು. ಅಲ್ಲಿ ಗಾಯಕ್ಕೆ ಹೊಲಿಗೆ ಹಾಕಿ ಮುಂದಕ್ಕೆ ಕಳಿಸಿದರು. ಮುಂದಿನದರಲ್ಲಿ ರಕ್ತವಿರಲಿಲ್ಲ. ಮೂರನೆಯದಕ್ಕೆ ಹೋಗುವ ದಾರಿಯಲ್ಲಿ ಪ್ರಾಣ ಹೋಯಿತು. ವಾಹನದಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವನು, ಆಗಿನ್ನೂ ಎಂ.ಬಿ.ಬಿ.ಎಸ್. ಓದುತ್ತ ಹಬ್ಬಕ್ಕೆ ಬಂದಿದ್ದ ನಮ್ಮ ಹುಡುಗ. ಹೊಲಿಗೆ ಬಹಳ ಚೆನ್ನಾಗಿ ಬಿದ್ದಿತ್ತು ಎಂದು ಅವನು ಈಗಲೂ ಹೇಳುತ್ತಾನೆ. ಕೊಂಬು ಒಳಹೋಗುವ ಬಾಯಿ ಸಣ್ಣದು. ಒಳಗೆ ಹೋದ ಮೇಲೆ ಪ್ರಾಣಿ ತಲೆ ಕೊಡವುತ್ತದೆ, ಮನುಷ್ಯನ ಭಾರ ಕೊಂಬಿನ ಮೇಲೆ ತಿರುಗುತ್ತದೆ, ತುದಿ ಎರಡು ಮೂರು ದಿಕ್ಕಿಗೆ ಸೀಳಿಕೊಂಡು ಹೋಗುತ್ತದೆ. ಹೊರಗಿನ ಅಳತೆ ಒಳಗಿನದನ್ನು ಹೇಳುವುದೇ ಇಲ್ಲ.

ಗೂಳಿಕಾಳಗದ ದೇಶವಾದ ಸ್ಪೇನಿನಲ್ಲಿ ಇದನ್ನು ಒಂದು ಪ್ರತ್ಯೇಕ ಶಾಸ್ತ್ರವಾಗಿಯೇ ಬೆಳೆಸಿದ್ದಾರೆ. ಅಲ್ಲಿ ಅಖಾಡದ ಪಕ್ಕದಲ್ಲಿಯೇ ಶಸ್ತ್ರಕ್ರಿಯೆಯ ಕೋಣೆ, ಕೊಂಬಿನ ಗಾಯ ಬಲ್ಲ ಶಸ್ತ್ರವೈದ್ಯ ಇರಬೇಕೆಂದು ಕಟ್ಟಳೆ. ಮ್ಯಾಡ್ರಿಡ್ ನಗರದ ಗೂಳಿಕಾಳಗದ ಕಟ್ಟಡದ ಮುಂದೆ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗನ ಪ್ರತಿಮೆ ನಿಂತಿದೆ. ೧೯೬೪ರಲ್ಲಿ ಗೂಳಿಕಾಳಗದವರೇ ನಿಲ್ಲಿಸಿದ್ದು. ಕಲ್ಲಿನಲ್ಲಿ ನಿಲ್ಲಿಸುವ ರೂಢಿ ನಮ್ಮ ಸೀಮೆಗೂ ಹೊಸದಲ್ಲ. ತುರುಗೋಳಿನಲ್ಲಿ ಗಾಯಗೊಂಡು ಸತ್ತವರ ವೀರಗಲ್ಲುಗಳು ಹಾವೇರಿ ಜಿಲ್ಲೆಯ ಊರೂರಿನಲ್ಲಿವೆ. ಸತ್ತವರನ್ನು ನಾವು ನಿಲ್ಲಿಸಿದೆವು, ಅವರು ಉಳಿಸಿದವನನ್ನು ನಿಲ್ಲಿಸಿದರು.

ಹುಡುಗ ತರಬೇತಿ ಮುಗಿಸಿ ಹಾವೇರಿಗೆ ಬಂದರೆ ಎಲ್ಲವೂ ಸರಿಹೋಗುತ್ತದೆಯೇ? ಅಷ್ಟು ಸುಲಭವಲ್ಲ. ಹಾವೇರಿಯಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜು ಇದೆ. ೨೦೦೮ರಿಂದ ೧೦೮ರ ವಾಹನವೂ ಇದೆ. ಆದರೆ ದೊಡ್ಡ ಗಾಯಕ್ಕೆ ರಾಣೇಬೆನ್ನೂರಿನವರು ದಾವಣಗೆರೆಯ ಕಡೆಗೋ ನೂರು ಕಿಲೋಮೀಟರಿಗೂ ಮಿಕ್ಕಿದ ಹುಬ್ಬಳ್ಳಿಗೋ ಓಡುವ ರೂಢಿ ಹೋಗಿಲ್ಲ. ಗಾಯದ ವೈದ್ಯನೊಬ್ಬನೇ ಬಂದು ಕೂತರೆ ಅವನು ಒಂಟಿ ಎತ್ತು, ಬಂಡಿ ಸಾಗದು. ಹಗಲಿರುಳು ರಕ್ತವಿರಬೇಕು, ಅರಿವಳಿಕೆಯವರಿರಬೇಕು, ಪ್ರತಿ ತಾಸಿಗೆ ಅಳೆದು ಬರೆಯುವ ದಾದಿಯರಿರಬೇಕು. ನಗರದ ಖಾಸಗಿ ಆಸ್ಪತ್ರೆಗಳು ಈ ಎಲ್ಲವನ್ನೂ ಇಟ್ಟುಕೊಂಡು ಅವನನ್ನು ಕರೆಯುತ್ತಿವೆ. ಸಾಲವಿರುವ ಮನೆಯ ಹುಡುಗನಿಗೆ ಹಳ್ಳಿಗೆ ಬಾ ಎಂದು ಉಪದೇಶ ಮಾಡುವುದು ನನ್ನಂಥ ಸಂಬಳದಾರನಿಗೆ ಸುಲಭ, ನಾನು ಮಾಡಲಿಲ್ಲ. ಜಿಲ್ಲೆಗೊಂದರಂತೆ ಇಂಥ ಘಟಕಗಳನ್ನು ಕಟ್ಟಿ ಇಂಥವರನ್ನು ನೇಮಿಸಿಕೊಳ್ಳಬೇಕಾದುದು ಸರಕಾರದ ಕೆಲಸ. ಕಲಿತವನ ತ್ಯಾಗದ ಮೇಲೆ ನಿಲ್ಲಿಸಿದ ವ್ಯವಸ್ಥೆ ಅವನಿಗೆ ಮದುವೆಯಾಗುವ ತನಕವಷ್ಟೇ ನಡೆದೀತು.

ಅಲ್ಲಿಯ ತನಕ ತಾಲ್ಲೂಕಿನ ದವಾಖಾನೆಯಲ್ಲಿ ಆಗಬಹುದಾದ ಒಂದು ಕೆಲಸವಿದೆ. ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಔಷಧವೊಂದುಂಟು. ಹೆರಿಗೆಯಲ್ಲಿ ತಾಯಂದಿರು ರಕ್ತ ಸೋರಿ ಸಾಯುವುದನ್ನು ತಪ್ಪಿಸಬೇಕೆಂಬ ಹಂಬಲದಿಂದ ಜಪಾನಿನ ಉಟಾಕೊ ಒಕಾಮೊಟೊ ಎಂಬ ಮಹಿಳೆ ಗಂಡನೊಡನೆ ದುಡಿದು ೧೯೬೨ರಲ್ಲಿ ಅದನ್ನು ಪ್ರಕಟಿಸಿದಳು. ಕಟ್ಟಿದ ಹೆಪ್ಪು ಕರಗದಂತೆ ಅದು ತಡೆಯುತ್ತದೆ. ೨೦೧೦ರಲ್ಲಿ ೪೦ ದೇಶಗಳ ೨೦,೦೦೦ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಪರೀಕ್ಷೆಯ ಫಲ ಹೊರಬಂದು, ರಕ್ತ ಸೋರಿ ಸಾಯುವವರ ಸಂಖ್ಯೆಯನ್ನು ಅದು ಇಳಿಸುವುದೆಂದು ಸಿದ್ಧವಾಯಿತು. ಒಂದೇ ಕರಾರು: ಗಾಯವಾದ ಮೂರು ತಾಸಿನೊಳಗೆ ಕೊಡಬೇಕು. ಮೂರು ತಾಸು ಮೀರಿ ಕೊಟ್ಟರೆ ಉಪಕಾರಕ್ಕೆ ಬದಲು ಅಪಾಯವೇ ಆಗಬಹುದು. ಆದ್ದರಿಂದ ಡಾಕ್ಟರು ಸೂಜಿ ಹಿಡಿಯುವ ಮೊದಲು ಕೇಳುವ ಪ್ರಶ್ನೆ, ಗಾಯ ಎಷ್ಟು ಹೊತ್ತಿಗಾಯಿತೆಂಬುದು. ಗಾಬರಿಯಲ್ಲಿ ಹೊತ್ತುಕೊಂಡು ಬಂದವರು ಒಬ್ಬರೊಂದು ಹೇಳುತ್ತಾರೆ.

ಕಳೆದ ದೀಪಾವಳಿಗೆ ಹುಡುಗ ನಾಲ್ಕು ದಿನದ ರಜೆಯ ಮೇಲೆ ಬಂದಿದ್ದ. ಅಖಾಡದ ಹುಡುಗರನ್ನು ಗುಡಿಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಅರ್ಧ ತಾಸು ಮಾತನಾಡಿದ. ಗಾಯದೊಳಗೆ ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ. ಅರಿಶಿನ ಬೇಡ, ಸ್ವಚ್ಛ ಬಟ್ಟೆಯನ್ನು ಅದುಮಿ ಹಿಡಿಯಿರಿ, ನೋಡೋಣವೆಂದು ಪದೇ ಪದೇ ತೆಗೆಯಬೇಡಿ. ಮೈಮೇಲೆ ಕಂಬಳಿ ಹೊದಿಸಿ. ನಡೆದು ಬರುತ್ತಾನೆಂದು ನಂಬಬೇಡಿ, ಚಹಾ ಕುಡಿಸಬೇಡಿ. ಆಮೇಲೆ ತನ್ನ ಜೇಬಿನಿಂದ ಹತ್ತು ಹನ್ನೆರಡು ಬಾಲ್‌ಪೆನ್ನುಗಳನ್ನು ತೆಗೆದು ಹಂಚಿದ. ಆ ವರ್ಷದ ಹಬ್ಬದಲ್ಲಿ ನಮ್ಮ ಕಡೆಯಿಂದ ಮೂವರು ಗಾಯಾಳುಗಳು ರಾಣೇಬೆನ್ನೂರಿಗೆ ಹೋದರು. ಮೂವರ ಅಂಗೈಯಲ್ಲಿಯೂ ಗಾಯವಾದ ಹೊತ್ತನ್ನು ಬರೆದಿತ್ತು. ಒಬ್ಬನ ಕೈಯ ಮೇಲೆ, ನಾಲ್ಕು ಗಂಟೆ ಹತ್ತು ನಿಮಿಷ ಎಂದು ಬರೆದು, ಕೆಳಗೆ ಹೋರಿಯ ಹೆಸರನ್ನೂ ಬರೆದಿದ್ದರಂತೆ.